ಉತ್ತರಕ್ಕೆ ಎಡೆಗೊಡದ ನಗು

ಮಗೂ,

ಯಾರೋ ಒಬ್ಬರು ಮನಸ್ಸಿಟ್ಟು ನಾಲ್ಕು ಸಾಲು ಬರೆದು ಗ್ರೂಪಿಗೆ ಹಾಕುತ್ತಾರೆ. ಅದರ ಕೆಳಗೆ ಕಣ್ಣಲ್ಲಿ ನೀರು ಬರುವಷ್ಟು ನಗುವ ಹಳದಿ ಮುಖವೊಂದು ಮೂಡುತ್ತದೆ. ಪಕ್ಕದಲ್ಲಿ ಲೆಕ್ಕ ಏರುತ್ತಾ ಹೋಗುತ್ತದೆ: ಎರಡು, ಐದು, ಒಂಬತ್ತು. ಯಾರೂ ಒಂದಕ್ಷರ ಬರೆದಿರುವುದಿಲ್ಲ. ಹೇಳಿದ್ದು ತಪ್ಪು ಎಂದಿಲ್ಲ, ಎಲ್ಲಿ ತಪ್ಪಿದೆ ಎಂದೂ ತೋರಿಸಿಲ್ಲ. ನಕ್ಕಿದ್ದಾರೆ, ಅಷ್ಟೇ. ಈ ನಗುವಿನ ಬಗ್ಗೆ ನಿನ್ನ ಹತ್ತಿರ ಮಾತಾಡಬೇಕು ಅಂತ ಬಹಳ ದಿನದಿಂದ ಇದೆ. ಹಬ್ಬಕ್ಕೆ ಬಂದಾಗ ಹೇಳೋಣ ಅಂದುಕೊಂಡೆ. ಆದರೆ ಎದುರು ಕೂರಿಸಿಕೊಂಡು ಹೇಳಿದರೆ ನೀನು ತಲೆ ಬಗ್ಗಿಸಿಕೊಂಡು ಕೇಳುತ್ತೀ. ಬರೆದರೆ ಒಪ್ಪದ ಕಡೆ ನಿಂತು ಯೋಚಿಸಬಹುದು, ನನಗೆ ಮರಳಿ ಬರೆಯಲೂಬಹುದು.

ನಗಬೇಡ ಎನ್ನಲು ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿ ನಗದೆ ಊಟ ಮುಗಿದ ರಾತ್ರಿ ಕಡಿಮೆ. ಗೆಳೆಯರು ತಮಾಷೆ ಹಾಕಿದಾಗ ಆ ಮುಖ ಒತ್ತುವುದು ಸಹಜ, ಚೆಂದ. ನಾನು ಹೇಳುತ್ತಿರುವುದು, ಬರೆದವರು ನಗಿಸಲು ಬರೆದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ ಒತ್ತುವ ನಗುವಿನ ಬಗ್ಗೆ. ಅದು ಗೇಲಿ. ಬಾಯಿಬಿಟ್ಟು ಗೇಲಿ ಮಾಡುವುದಕ್ಕಿಂತ ಇದು ಕೆಟ್ಟದ್ದು ಎಂದು ನನಗೆ ಅನ್ನಿಸಲು ಕಾರಣವಿದೆ.

ಮಾತಿನಲ್ಲಿ ಹೀಯಾಳಿಸಿದರೆ ಎದುರಿನವರಿಗೆ ಹಿಡಿದು ಕೇಳಲು ಏನೋ ಒಂದು ಸಿಗುತ್ತದೆ. "ನೀವು ಹೇಳಿದ್ದು ಶುದ್ಧ ಸುಳ್ಳು" ಎಂದು ನೀನು ಬರೆದರೆ, "ಯಾವುದು ಸುಳ್ಳು, ತೋರಿಸಿ" ಎಂದು ಅವರು ಕೇಳಬಹುದು. ಜಗಳವೇ ಆಗಲಿ, ಅಲ್ಲಿ ಇಬ್ಬರೂ ಮಾತಾಡುತ್ತಿರುತ್ತಾರೆ. ಒಬ್ಬರು ಸೋಲಬಹುದು, ಒಬ್ಬರು ತಿದ್ದಿಕೊಳ್ಳಬಹುದು, ಇಬ್ಬರಿಗೂ ಸಾಕಾಗಿ ಸುಮ್ಮನಾಗಬಹುದು. ನಗುವ ಮುಖದ ಕೆಳಗೆ ಉತ್ತರ ಬರೆಯಲು ಜಾಗವೇ ಇಲ್ಲ. "ಯಾಕೆ ನಕ್ಕಿರಿ?" ಎಂದು ಕೇಳಿದರೆ "ಸುಮ್ಮನೆ, ತಮಾಷೆಗೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೇಳಿದವರೇ ಸಣ್ಣವರಾಗುತ್ತಾರೆ. "ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಳ್ಳೋದಾ?" ಅನ್ನಿಸಿಕೊಂಡು ಎರಡನೇ ಸಲ ನಗೆಪಾಟಲಾಗುತ್ತಾರೆ. ಏಟು ಕೊಟ್ಟವನಿಗೆ ತಾನು ಕೊಟ್ಟೆ ಎಂದು ಒಪ್ಪಿಕೊಳ್ಳುವ ಹೊಣೆಯಿಲ್ಲ, ಏಟು ತಿಂದವನಿಗೆ ನೋವಾಯಿತು ಎನ್ನುವ ಹಕ್ಕೂ ಇಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಂದು ಸಂಗತಿ ಇದೆ, ನೀನು ಗಮನಿಸಿದ್ದೀಯೋ ಇಲ್ಲವೋ. ರಿಯಾಕ್ಷನ್ ಬಂತು ಎಂಬ ಸೂಚನೆ ಗ್ರೂಪಿನ ಎಲ್ಲರ ಫೋನಿಗೂ ಹೋಗುವುದಿಲ್ಲ. ಸಂದೇಶ ಬರೆದವರ ಫೋನಿಗೆ ಮಾತ್ರ ಹೋಗುತ್ತದೆ. ಗ್ರೂಪಿನಲ್ಲಿ ಇನ್ನೂರು ಜನ ಇದ್ದರೆ, ಒಂದೊಂದು ನಗುವಿನ ಸದ್ದೂ ಬಂದು ಬೀಳುವುದು ಆ ಒಬ್ಬರ ಕೈಯಲ್ಲಿ. ಅದರ ಮೇಲೆ ಬೆರಳಿಟ್ಟರೆ ನಕ್ಕವರ ಹೆಸರೆಲ್ಲ ಸಾಲಾಗಿ ಕಾಣುತ್ತದೆ. ಅದರಲ್ಲಿ ಮೊನ್ನೆ ಮನೆಗೆ ಬಂದು ಕಾಫಿ ಕುಡಿದು ಹೋದವರ ಹೆಸರಿರುತ್ತದೆ, ಚಿಕ್ಕಂದಿನಿಂದ ಜೊತೆಗೆ ಆಡಿದವರ ಹೆಸರಿರುತ್ತದೆ. ನಕ್ಕವರು ಅರ್ಧ ಕ್ಷಣದಲ್ಲಿ ಒತ್ತಿ ಮುಂದಿನ ಸಂದೇಶಕ್ಕೆ ಹೋಗಿರುತ್ತಾರೆ. ನಗೆಗೀಡಾದವರು ಆ ಹೆಸರುಗಳನ್ನು ರಾತ್ರಿ ಮತ್ತೆ ಮತ್ತೆ ತೆಗೆದು ನೋಡುತ್ತಾರೆ.

ಈ ಮುಖಗಳು ಹುಟ್ಟಿದ ಕತೆ ತಿಳಿದರೆ ನಿನಗೂ ಬೇಸರವಾಗುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿಗಳು ಒಬ್ಬರಿಗೊಬ್ಬರು ಸಂದೇಶ ಬರೆದುಕೊಳ್ಳುವ ಫಲಕವೊಂದಿತ್ತು. ಅಲ್ಲಿ ಯಾರೋ ಲಿಫ್ಟಿನಲ್ಲಿ ಪಾದರಸ ಚೆಲ್ಲುವ ಬಗ್ಗೆ ತಮಾಷೆ ಮಾಡಿದ್ದನ್ನು ಕೆಲವರು ನಿಜವಾದ ಎಚ್ಚರಿಕೆ ಎಂದುಕೊಂಡು ಗಾಬರಿಯಾದರು. ಹೀಗೆ ಅಪಾರ್ಥವಾಗದಿರಲಿ ಎಂದು ಸ್ಕಾಟ್ ಫಾಲ್ಮನ್ 1982ರ ಸೆಪ್ಟೆಂಬರ್ 19ರಂದು ಒಂದು ಸಲಹೆ ಕೊಟ್ಟರು: ತಮಾಷೆ ಮಾಡಿದಾಗ ಕೊನೆಗೆ ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಆವರಣ ಚಿಹ್ನೆ ಹಾಕಿ, ಅಡ್ಡ ನೋಡಿದರೆ ನಗುವ ಮುಖ ಕಾಣುತ್ತದೆ ಎಂದು. ಅಂದರೆ ನಗುಮುಖವನ್ನು ಹಾಕಬೇಕಾದವರು ಬರೆದವರು. ತಮ್ಮ ಮಾತಿನಿಂದ ಯಾರಿಗೂ ನೋವಾಗದಿರಲಿ ಎಂದು ಹಾಕಬೇಕಾದದ್ದು ಅದು. 1999ರಲ್ಲಿ ಜಪಾನಿನ ಶಿಗೆತಕ ಕುರಿತ ಅವರು ಎನ್‌ಟಿಟಿ ಡೊಕೊಮೊ ಕಂಪನಿಯ ಮೊಬೈಲ್ ಸೇವೆಗಾಗಿ 176 ಪುಟ್ಟ ಚಿತ್ರಗಳನ್ನು ಮಾಡಿಕೊಟ್ಟರು. ಒಂದೊಂದು ಚಿತ್ರಕ್ಕೂ ಉದ್ದಗಲ ಹನ್ನೆರಡೇ ಚುಕ್ಕೆಯ ಜಾಗ. ಚಿಕ್ಕ ಸಂದೇಶದಲ್ಲಿ ದನಿಯ ಏರಿಳಿತ ಕಾಣುವುದಿಲ್ಲ, ಆ ಕೊರತೆಯನ್ನು ತುಂಬಲು ಅವು ನೆರವಾದವು.

ಫೇಸ್‌ಬುಕ್ ಇವನ್ನು ಒತ್ತುವ ಗುಂಡಿಯಾಗಿ ಮಾಡಿದ ಕಾರಣ ಇನ್ನೂ ಯೋಚಿಸಬೇಕಾದದ್ದು. 2009ರಿಂದ ಅಲ್ಲಿ ಲೈಕ್ ಒಂದೇ ಇತ್ತು. ಯಾರದೋ ಮನೆಯಲ್ಲಿ ಸಾವಾದರೆ, ನಿರಾಶ್ರಿತರ ಸುದ್ದಿ ಬಂದರೆ ಅದಕ್ಕೆ ಲೈಕ್ ಒತ್ತುವುದು ಹೇಗೆ ಎಂದು ಜನಕ್ಕೆ ಮುಜುಗರ. ಡಿಸ್‌ಲೈಕ್ ಕೊಡಿ ಎಂದು ಕೇಳುತ್ತಲೇ ಇದ್ದರು. 2015ರ ಸೆಪ್ಟೆಂಬರಿನಲ್ಲಿ ಮಾರ್ಕ್ ಝಕರ್‌ಬರ್ಗ್ ಸಾರ್ವಜನಿಕ ಪ್ರಶ್ನೋತ್ತರದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಒಬ್ಬರ ಬರಹವನ್ನು ಇನ್ನೊಬ್ಬರು ಮೇಲೆ ಕೆಳಗೆ ತಳ್ಳುವ ಜಾಗ ಮಾಡಲು ತಮಗೆ ಇಷ್ಟವಿಲ್ಲ, ಜನ ನಿಜವಾಗಿ ಕೇಳುತ್ತಿರುವುದು ಸಹಾನುಭೂತಿ ತೋರಿಸುವ ದಾರಿಯನ್ನು ಎಂಬುದು ಅವರ ಮಾತಿನ ಸಾರ. 2016ರ ಫೆಬ್ರವರಿಯಲ್ಲಿ ಲೈಕ್ ಜೊತೆಗೆ ಪ್ರೀತಿ, 'ಹಹಾ' ಎನ್ನುವ ನಗು, ಬೆರಗು, ದುಃಖ, ಕೋಪ ಬಂದವು. 2020ರಲ್ಲಿ ಕೋವಿಡ್ ಹಬ್ಬಿದಾಗ ಹೃದಯವನ್ನು ಅಪ್ಪಿಕೊಂಡ ಇನ್ನೊಂದು ಮುಖವನ್ನೂ ಸೇರಿಸಿದರು. ವಾಟ್ಸ್‌ಆ್ಯಪ್‌ಗೆ ರಿಯಾಕ್ಷನ್ ಬಂದದ್ದು 2022ರ ಮೇ ತಿಂಗಳಲ್ಲಿ. ಡಿಸ್‌ಲೈಕ್ ಬೇಡವೆಂದು ತಡೆದರು, ಸರಿ. ಆದರೆ ಜನ ನಗುವ ಮುಖವನ್ನೇ ಡಿಸ್‌ಲೈಕ್ ಮಾಡಿಕೊಂಡುಬಿಟ್ಟರು. ಡಿಸ್‌ಲೈಕಿಗಾದರೆ "ನನಗೆ ಇದು ಹಿಡಿಸಲಿಲ್ಲ" ಎಂಬಷ್ಟೇ ಅರ್ಥ. ನಗುವಿಗೆ "ನೀನು ಲೆಕ್ಕಕ್ಕೇ ಇಲ್ಲ" ಎಂಬ ಅರ್ಥ ಸೇರಿಕೊಂಡಿತು.

ಇದು ನಮ್ಮ ಊರಿನ ರೋಗ ಮಾತ್ರವಲ್ಲ. ಬಾಂಗ್ಲಾದೇಶದಲ್ಲಿ ಅಹ್ಮದುಲ್ಲಾ ಎಂಬ ಮೌಲಾನಾ ಇದ್ದಾರೆ, ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಲಕ್ಷಾಂತರ ಜನ ಅವರ ಮಾತು ಕೇಳುತ್ತಾರೆ. 2021ರ ಜೂನ್‌ನಲ್ಲಿ ಅವರು ಒಂದು ವಿಡಿಯೊದಲ್ಲಿ ಹಹಾ ಎಮೋಜಿಯ ಬಗ್ಗೆಯೇ ಫತ್ವಾ ಹೇಳಿದರು. ಬರೆದವರೂ ತಮಾಷೆಗೆ ಬರೆದು, ನೀವೂ ತಮಾಷೆಗೆ ನಕ್ಕರೆ ಅಡ್ಡಿಯಿಲ್ಲ. ಬರೆದವರನ್ನು ಹಂಗಿಸಲು ಒತ್ತಿದರೆ ಅದು ನಿಷಿದ್ಧ ಎಂದರು. ಹೀಗೆ ನೊಂದವರು ತಿರುಗಿ ಕೆಟ್ಟ ಮಾತಾಡುವಂತಾಗುತ್ತದೆ ಎಂದೂ ಎಚ್ಚರಿಸಿದರು. ಆ ಸುದ್ದಿ ಬಂದಾಗ ಬಹಳ ದೇಶಗಳಲ್ಲಿ ಜನ ಅದನ್ನು ವಿಚಿತ್ರವೆಂಬಂತೆ ಹಂಚಿಕೊಂಡರು, ಆ ವಿಡಿಯೊದ ಕೆಳಗೂ ನೂರಾರು ಹಹಾ ಬಿದ್ದವು. ನನಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ತನ್ನ ಮಾತು ಕೇಳುವ ಮಕ್ಕಳು ದಿನವೂ ಒಬ್ಬರನ್ನೊಬ್ಬರು ನೋಯಿಸುವುದನ್ನು ಕಂಡ ಹಿರಿಯರೊಬ್ಬರು ತಮಗೆ ಬರುವ ಭಾಷೆಯಲ್ಲಿ ತಡೆಯಲು ನೋಡಿದರು. ಜೊತೆಗೆ ನಗುವುದು ಬೇರೆ, ಮೇಲೆ ಬಿದ್ದು ನಗುವುದು ಬೇರೆ ಎಂದು ಅವರು ಗೆರೆ ಎಳೆದ ಜಾಗ ಸರಿಯಾಗಿಯೇ ಇದೆ. ನಾನು ಧರ್ಮದ ಮಾತು ಹೇಳಲಾರೆ. ಮನೆಯ ಮಾತು ಹೇಳಬಲ್ಲೆ.

ಕನ್ನಡ ಪಾಠ ಹೇಳಿಕೊಂಡೇ ಬದುಕಿದವಳಾದ್ದರಿಂದ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಅಕ್ಷರತಪ್ಪಿನ ಮೇಲೆ ಬೀಳುವ ನಗು. ನನ್ನ ಹಳೆಯ ವಿದ್ಯಾರ್ಥಿಗಳು ಒಂದು ಗ್ರೂಪ್ ಮಾಡಿಕೊಂಡಿದ್ದಾರೆ, ನನ್ನನ್ನೂ ಸೇರಿಸಿದ್ದಾರೆ. ಇಂಜಿನಿಯರ್ ಆದವರಿದ್ದಾರೆ, ಬ್ಯಾಂಕಿನಲ್ಲಿರುವವರಿದ್ದಾರೆ, ವಿದೇಶದಲ್ಲಿರುವವರಿದ್ದಾರೆ. ಎಸ್‌ಎಸ್‌ಎಲ್‌ಸಿಗೇ ಓದು ನಿಲ್ಲಿಸಿ ಆಟೊ ಓಡಿಸುತ್ತಾ ಊರಲ್ಲೇ ಉಳಿದವನೊಬ್ಬನಿದ್ದಾನೆ. ಬಹಳ ಕಾಲ ಸುಮ್ಮನೆ ಓದಿಕೊಂಡಿದ್ದವನು ಒಂದು ದಿನ ಬರೆದ: "ನಮ್ಮ ಸಾಲೆ ಎಂಚು ಒಡೆದಿದೆ. ಮಳೆಗಾಲಕ್ಕೆ ಮುಂಚೆ ಆಕಿಸೋಣ. ಎಲ್ಲಾರು ಸೇರಿ ದುಡ್ಡು ಆಕಿ." ಆ ಗ್ರೂಪಿನಲ್ಲಿ ಶುಭೋದಯದ ಚಿತ್ರಗಳ ನಡುವೆ ಕೆಲಸಕ್ಕೆ ಬರುವ ಮಾತು ಅದೊಂದೇ ಇತ್ತು. ಮೊದಲು ಬಂದದ್ದು ನಗುವ ಮುಖ. ನೋಡುತ್ತಿದ್ದಂತೆ ಇನ್ನಷ್ಟು. ಹೆಂಚಿನ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅವನು ಸಂದೇಶ ಅಳಿಸಿದ.

ಅವತ್ತು ನಾನು ಗ್ರೂಪಿನಲ್ಲೇ ಒಂದು ಚಿಕ್ಕ ಪಾಠ ಬರೆದೆ, ಅದನ್ನೇ ನಿನಗೂ ಹೇಳುತ್ತೇನೆ. 'ಸಾಲೆ' ಎಂದರೆ ನಗುವವರು ಧಾರವಾಡದ ಕಡೆಗೆ ಹೋಗಿ ಬರಲಿ, ಅಲ್ಲಿ ಮಕ್ಕಳು ಇವತ್ತಿಗೂ ಸಾಲಿಗೇ ಹೋಗುವುದು. ಶಕಾರ ಸಕಾರವಾಗುವುದು ಕನ್ನಡದಲ್ಲಿ ನಿನ್ನೆ ಮೊನ್ನೆ ಬಂದ ಕೆಡುಕಲ್ಲ, ಹದಿಮೂರನೆಯ ಶತಮಾನದ ಕೇಶಿರಾಜನೇ ತನ್ನ ವ್ಯಾಕರಣದಲ್ಲಿ ಅದಕ್ಕೆ ಸ್ಥಾನ ಕೊಟ್ಟಿದ್ದಾನೆ. ಇನ್ನು ಹಕಾರ ಬಿಡುವುದು. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲಾಯಿತು, ಪೂವು ಹೂವಾಯಿತು. ಆಗ ಯಾರಾದರೂ ಹೀಗೆ ನಗುತ್ತಾ ಕೂತಿದ್ದರೆ ಇವತ್ತು ನಾವು ಆಡುವ ಕನ್ನಡವೇ ಇರುತ್ತಿರಲಿಲ್ಲ. ಆ ಹಕಾರವೂ ಕೆಲವರ ನಾಲಿಗೆಯಲ್ಲಿ ಸವೆದು ಹೋಗಿದೆ. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಾದರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ, ತಿದ್ದಿ ಬರೆಸುತ್ತಿದ್ದೆ, ಅದು ನನ್ನ ಕೆಲಸ. ಬರಹದಲ್ಲಿ ಒಂದು ಒಪ್ಪಿತ ರೂಪ ಇರಬೇಕು ಎನ್ನುವುದನ್ನು ನಾನು ಈಗಲೂ ಬಿಟ್ಟುಕೊಡುವುದಿಲ್ಲ. ಆದರೆ ಒಂದು ಮಗುವಿನ ತಪ್ಪಿಗೆ ಇಡೀ ತರಗತಿ ಎದ್ದು ನಿಂತು ನಕ್ಕರೆ ಅದರಿಂದ ಆ ಮಗುವಿಗೆ ಹಕಾರ ಬರುವುದಿಲ್ಲ, ಮಾತು ನಿಲ್ಲುತ್ತದೆ. ನಕ್ಕವರು ತಪ್ಪು ಹಿಡಿದದ್ದು ಕಾಗುಣಿತದಲ್ಲಿ ಎಂದುಕೊಂಡಿದ್ದರು. ಅವನಿಗೆ ಕೇಳಿಸಿದ್ದು, ನೀನು ಹುಟ್ಟಿದ ಮನೆ, ನೀನು ಮಾಡುವ ಕೆಲಸ, ನಿಮ್ಮಮ್ಮ ಆಡುವ ಮಾತು, ಎಲ್ಲವೂ ನಮಗಿಂತ ಕೀಳು ಎಂದು. ಅವನು ತಪ್ಪಾಗಿ ಕೇಳಿಸಿಕೊಂಡ ಎಂದು ನಾನು ಹೇಳಲಾರೆ.

ನಗುವವರ ಮುಂದೆ ಎಡವಿ ಬಿದ್ದ ಹಾಗೆ ಎಂಬ ಗಾದೆ ನಿನಗೆ ಗೊತ್ತು. ಮೊದಲು ಹಾಗೆ ಬೀಳುವುದು ಅಪರೂಪದ ದುರದೃಷ್ಟವಾಗಿತ್ತು. ಬೀದಿಯಲ್ಲಿ ಎಡವಿದ ಕ್ಷಣಕ್ಕೆ ನಗುವವರು ಎದುರಿಗೇ ಇರಬೇಕಿತ್ತು. ಈಗ ಎಲ್ಲಿ ಎಡವಿದರೂ ಎದುರಿಗಿರುತ್ತಾರೆ, ಬಿದ್ದದ್ದು ಅಳಿಸದೆ ಅಲ್ಲೇ ಉಳಿದಿರುತ್ತದೆ, ನಾಳೆ ಬಂದವರೂ ನೋಡಿ ನಗಬಹುದು.

ಕನ್ನಡ ಕಲಿಯುವ ಹೊರಗಿನವರ ವಿಷಯದಲ್ಲಿ ಇದು ನಮಗೇ ನಷ್ಟ. ಬೆಂಗಳೂರಿಗೆ ಬಂದ ಹುಡುಗನೊಬ್ಬ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ "ನಾನು ನಾಳೆ ಊರಿಗೆ ಹೋಗುತ್ತಾನೆ, ನೀರು ಮೋಟಾರು ಯಾರು ನೋಡುತ್ತಾನೆ?" ಎಂದು ಬರೆದ ಅಂತಿಟ್ಟುಕೋ. ಅವನು ಇಂಗ್ಲಿಷಿನಲ್ಲಿ ಬರೆದಿದ್ದರೆ ಯಾರೂ ನಗುತ್ತಿರಲಿಲ್ಲ. ಕಷ್ಟಪಟ್ಟು ಕನ್ನಡದಲ್ಲಿ ಬರೆದದ್ದಕ್ಕೆ ಆ ಬಹುಮಾನ. ಮುಂದಿನ ಸಲ ಅವನು ಇಂಗ್ಲಿಷಿಗೇ ಮರಳುತ್ತಾನೆ, ಆಮೇಲೆ ಅದೇ ಗ್ರೂಪಿನಲ್ಲಿ ನಾವು "ಇವರಿಗೆ ಕನ್ನಡ ಕಲಿಯೋ ಮನಸ್ಸಿಲ್ಲ" ಎಂದು ದೂರುತ್ತೇವೆ. "ಮೋಟಾರು ನಾನು ನೋಡ್ಕೋತೀನಿ, ಆರಾಮಾಗಿ ಹೋಗಿ ಬನ್ನಿ" ಎಂದು ಒಬ್ಬರು ಸರಿಯಾದ ಕನ್ನಡದಲ್ಲಿ ಉತ್ತರ ಕೊಟ್ಟರೆ ಅವನ ವ್ಯಾಕರಣಕ್ಕೂ ಅದೇ ಪಾಠ.

ಸಾವಿನ ಸುದ್ದಿಯ ಕೆಳಗೆ ಬೀಳುವ ನಗುವಿನ ಬಗ್ಗೆ ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು. ಸುದ್ದಿಯ ಪೇಜುಗಳಲ್ಲಿ ಅಪಘಾತದ ಸುದ್ದಿ, ಕೆರೆಯಲ್ಲಿ ಮುಳುಗಿದ ಮಕ್ಕಳ ಸುದ್ದಿ, ಸಾಲಕ್ಕೆ ಹೆದರಿ ಜೀವ ಕಳಕೊಂಡ ರೈತನ ಸುದ್ದಿ ಬರುತ್ತದೆ. ಕೆಳಗೆ ಅಳುವ ಮುಖಗಳ ನಡುವೆ ನಗುವ ಮುಖಗಳೂ ಇರುತ್ತವೆ. ಸತ್ತವರ ಹೆಸರು ಯಾವ ಧರ್ಮದ್ದು, ಯಾವ ಜಾತಿಯದ್ದು, ಯಾವ ಪಕ್ಷದ ಬಾವುಟ ಹಿಡಿದಿದ್ದರು ಎಂದು ನೋಡಿ ಒತ್ತಿದ ನಗು ಅದು. ಈ ಕಡೆಯವರು ಸತ್ತಾಗ ಆ ಕಡೆಯವರು, ಆ ಕಡೆಯವರು ಸತ್ತಾಗ ಈ ಕಡೆಯವರು. ಎದುರುಮನೆಯಲ್ಲಿ ಹೆಣ ಇಟ್ಟಿರುವಾಗ ಜಗಲಿಯಲ್ಲಿ ನಿಂತು ನಗುವವನನ್ನು ನಮ್ಮ ಯಾವ ಊರೂ ಸಹಿಸಿದ್ದಿಲ್ಲ, ದಾಯಾದಿ ವೈರ ಇದ್ದವರೂ ಆ ಹೊತ್ತಿಗೆ ಬಂದು ಹೆಗಲು ಕೊಡುತ್ತಿದ್ದರು. ಸತ್ತವರ ತಮ್ಮನೋ ಮಗಳೋ ಆ ಸುದ್ದಿಯನ್ನು ತೆರೆಯುತ್ತಾರೆ, ಆ ಲೆಕ್ಕವನ್ನು ನೋಡುತ್ತಾರೆ ಎಂಬುದನ್ನು ಮರೆಯಬೇಡ. ಬೇರೆ ಎಲ್ಲದರಲ್ಲಿ ನಿನಗೂ ನನಗೂ ಭಿನ್ನಾಭಿಪ್ರಾಯ ಇರಲಿ, ಇದೊಂದರಲ್ಲಿ ನಾನು ಬಿಗಿಯಾಗಿಯೇ ಹೇಳುತ್ತೇನೆ: ಯಾರ ಸಾವಿಗೂ ಆ ಮುಖ ಒತ್ತಬೇಡ.

ಹೆಣ್ಣುಮಕ್ಕಳು ಬಸ್ಸಿನಲ್ಲಿ, ಆಫೀಸಿನಲ್ಲಿ ತಮಗಾದದ್ದನ್ನು ಬರೆದಾಗಲೂ ಇದೇ ನಡೆಯುತ್ತದೆ. ಅಲ್ಲಿ ನಗು ತಾನಾಗಿ ಬೀಳುವುದಿಲ್ಲ. ಇನ್ನೆಲ್ಲೋ ಒಂದು ಚಿಕ್ಕ ಗ್ರೂಪಿನಲ್ಲಿ ಲಿಂಕ್ ಹಾಕಿ, "ಹೋಗಿ ಒಂದೊಂದು ಹಹಾ ಕೊಟ್ಟು ಬನ್ನಿ" ಎಂದು ಹೇಳಿರುತ್ತಾರೆ. ಹತ್ತು ನಿಮಿಷದಲ್ಲಿ ನೂರು ನಗು. ಇಂಥ ಗುಂಪುದಾಳಿಯಿಂದ ಚಿಕ್ಕ ಚಾನೆಲ್‌ನವರು ನಲುಗುತ್ತಾರೆಂದೇ ಯೂಟ್ಯೂಬ್ 2021ರ ನವೆಂಬರಿನಲ್ಲಿ ಡಿಸ್‌ಲೈಕ್‌ಗಳ ಲೆಕ್ಕವನ್ನು ನೋಡುಗರಿಂದ ಮರೆಮಾಡಿತು. ಗುಂಡಿ ಉಳಿಯಿತು, ಲೆಕ್ಕ ಎಲ್ಲರಿಗೂ ಕಾಣುವುದು ನಿಂತಿತು. ನೋಯಿಸುವುದು ಗುಂಡಿಗಿಂತ ಲೆಕ್ಕವೇ ಎಂದು ಅವರಿಗೆ ಅರ್ಥವಾಗಿರಬೇಕು. ಯಾರಾದರೂ ನಿನಗೆ ಹೀಗೆ ಲಿಂಕ್ ಕಳಿಸಿ ಕರೆದರೆ ಹೋಗಬೇಡ. ಆ ಹುಡುಗಿ ಬರೆದದ್ದನ್ನು ಓದಿ ನಿನಗೇ ಒಂದು ಅಭಿಪ್ರಾಯ ಹುಟ್ಟಿದ್ದರೆ ಅದನ್ನು ನಿನ್ನ ಹೆಸರಿನಲ್ಲಿ ಬರೆ.

ಇನ್ನೊಂದು ವಿಷಯ. ಗೇಲಿ ಮಾಡಿ ಸುಳ್ಳನ್ನು ಸೋಲಿಸುತ್ತೇವೆ ಎಂದುಕೊಂಡವರು ಬಹಳ ಜನ. ಫೇಸ್‌ಬುಕ್ಕಿನ ಒಳಗಿನ ಕಾಗದಪತ್ರಗಳು 2021ರಲ್ಲಿ ಹೊರಬಂದವಲ್ಲ, ಫ್ರಾನ್ಸಿಸ್ ಹೌಗನ್ ಎಂಬ ಅಲ್ಲಿನ ಮಾಜಿ ಉದ್ಯೋಗಿ ಹೊರಗೆ ತಂದದ್ದು, ಅವುಗಳಿಂದ ತಿಳಿದ ಒಂದು ಸಂಗತಿ ಕೇಳು. 2017ರಿಂದ ಕೆಲ ಕಾಲ, ಯಾವ ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸಬೇಕು ಎಂದು ಲೆಕ್ಕ ಹಾಕುವಾಗ ಒಂದು ಎಮೋಜಿ ರಿಯಾಕ್ಷನ್‌ಗೆ ಐದು ಲೈಕಿನ ತೂಕ ಕೊಟ್ಟಿದ್ದರು. ಕೋಪದ ಮುಖದಿಂದ ಕೆಟ್ಟ ಪೋಸ್ಟುಗಳೇ ಮೇಲೆ ಬರುತ್ತಿವೆ ಎಂದು ಗೊತ್ತಾಗಿ ಆಮೇಲೆ ಅದರ ತೂಕವನ್ನು ಇಳಿಸುತ್ತಾ ಬಂದು 2020ರಲ್ಲಿ ಸೊನ್ನೆ ಮಾಡಿದರು. ನೀನು ಮೆಚ್ಚಿ ನಕ್ಕೆಯೋ ಹೀಯಾಳಿಸಿ ನಕ್ಕೆಯೋ ಯಂತ್ರಕ್ಕೆ ತಿಳಿಯದು. ನಿಜವಾಗಿಯೂ ಕೆಟ್ಟದ್ದನ್ನು ಯಾರೋ ಬರೆದಿದ್ದಾರೆ ಎಂದು ನೀನು ನಕ್ಕರೆ, ಅದನ್ನು ಇನ್ನಷ್ಟು ಮನೆಗಳಿಗೆ ಹೊತ್ತು ಹಾಕಿದವನೂ ನೀನೇ ಆಗಬಹುದು.

"ಹಾಗಾದರೆ ದೊಡ್ಡಮ್ಮ, ಮಂತ್ರಿ ಸುಳ್ಳು ಭರವಸೆ ಕೊಟ್ಟಾಗಲೂ ನಗಬಾರದಾ?" ಎಂದು ನೀನು ಕೇಳುತ್ತೀ. ನಗು. ಧಾರಾಳವಾಗಿ ನಗು. ಅಧಿಕಾರ ಹಿಡಿದವರನ್ನು ನೋಡಿ ನಗುವುದು ಕನ್ನಡದಲ್ಲಿ ಗೌರವದ ಕಸುಬು. 'ರಾಶಿ' ಎಂದು ಹೆಸರಾದ ಡಾಕ್ಟರ್ ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಎಂಬ ನಗೆಪತ್ರಿಕೆಯನ್ನೇ ಹೊರಡಿಸಿದರು. ಆರ್. ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳು ಬಂದದ್ದು ಅದರಲ್ಲಿ. ಅಲ್ಲಿ ನಕ್ಕವರು ತಲೆ ಕೆಡಿಸಿಕೊಂಡು ಬರೆಯುತ್ತಿದ್ದರು, ಕೆಳಗೆ ಹೆಸರು ಹಾಕುತ್ತಿದ್ದರು. ಓದಿದವರಿಗೆ ಯಾವುದಕ್ಕೆ ನಕ್ಕರು, ಯಾಕೆ ನಕ್ಕರು ಎಂದು ತಿಳಿಯುತ್ತಿತ್ತು. ಮಂತ್ರಿಯ ಪೋಸ್ಟಿನ ಮೇಲೆ ಸಾವಿರ ಹಹಾ ಬಿದ್ದರೆ ಅವರಿಗೆ ಮಾತಾಡಲು ಮೈಕಿದೆ, ಸಮರ್ಥಿಸಲು ಜನ ಇದ್ದಾರೆ. ಆಟೊ ಓಡಿಸುವ ನನ್ನ ಶಿಷ್ಯನಿಗೆ ಆ ಗ್ರೂಪೊಂದೇ ಇತ್ತು.

ಕಾನೂನಿನ ಬಾಗಿಲು ತಟ್ಟಬೇಕು ಎಂದು ನಾನು ಹೇಳುವುದಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಫೇಸ್‌ಬುಕ್ ಬರಹವೊಂದಕ್ಕಾಗಿ ಇಬ್ಬರು ಯುವತಿಯರನ್ನು ಬಂಧಿಸಿದ್ದರು. ಒಬ್ಬಳು ಬರೆದವಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದವಳು. ಅಂಥ ಬಂಧನಗಳಿಗೆ ದಾರಿಯಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದು ಮಾಡಿತು, ಒಳ್ಳೆಯದಾಯಿತು. 2018ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಮುಂದೆ ನಮ್ಮ ಈ ವಿಷಯಕ್ಕೆ ಇನ್ನೂ ಹತ್ತಿರದ ಪ್ರಕರಣ ಬಂದಿತ್ತು. ಕಚೇರಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮಹಿಳಾ ಅಧಿಕಾರಿಯೊಬ್ಬರು ಹಾಕಿದ ವಿಡಿಯೊಗೆ ಸಹೋದ್ಯೋಗಿಗಳು ಕಣ್ಣೀರು ಸುರಿಸಿ ನಗುವ ಇದೇ ಮುಖವನ್ನು ಹಾಕಿದ್ದರು, ಅವರು ಅವಮಾನವಾಯಿತೆಂದು ದೂರು ಕೊಟ್ಟಿದ್ದರು. ಎಮೋಜಿ ಎನ್ನುವುದು ಒಬ್ಬರ ಭಾವನೆಯನ್ನು ತಿಳಿಸುವುದು, ಅದನ್ನು ಅಪರಾಧದ ಕೃತ್ಯ ಎನ್ನಲಾಗದು ಎಂದು ನ್ಯಾಯಾಲಯ ಪ್ರಕರಣ ರದ್ದು ಮಾಡಿತು. ತೀರ್ಪು ನನಗೆ ಸರಿಯೆಂದೇ ತೋರುತ್ತದೆ. ಒಂದು ಹಳದಿ ಮುಖಕ್ಕೆ ಪೊಲೀಸರು ಬರುವ ದೇಶ ನಮಗೆ ಬೇಡ. ಆದರೆ ಆ ಅಧಿಕಾರಿ ಮರುದಿನ ಅದೇ ಕಚೇರಿಗೆ ಹೋಗಿ ಅದೇ ಜನರ ನಡುವೆ ಕೂತು ಕೆಲಸ ಮಾಡಬೇಕಿತ್ತು. ಕೋರ್ಟು ಕೈಹಾಕಲಾಗದ ಜಾಗ ಅದು. ಅಲ್ಲಿ ಪಕ್ಕದ ಮೇಜಿನವರು ಮಾತ್ರ ಕೈಹಾಕಬಲ್ಲರು.

ನಗುವ ಮುಖವೊಂದೇ ಅಲ್ಲ, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಕೈಮುಗಿಯುವ ಚಿತ್ರವನ್ನು "ಸಾಕು ಮಾರಾಯ" ಎನ್ನಲು ಹಾಕುತ್ತಾರೆ, ಚಪ್ಪಾಳೆಯನ್ನು ಕುಹಕಕ್ಕೆ ಹಾಕುತ್ತಾರೆ, ವಿದೂಷಕನ ಮುಖವಂತೂ ನೇರ ಬೈಗುಳ. ನಾಳೆ ಹೊಸದೊಂದು ಬರುತ್ತದೆ. ಆದ್ದರಿಂದ ಯಾವುದನ್ನು ಒತ್ತಬಹುದು, ಯಾವುದನ್ನು ಒತ್ತಬಾರದು ಎಂದು ಪಟ್ಟಿ ಮಾಡಿ ಪ್ರಯೋಜನವಿಲ್ಲ. ಬೆರಳು ಒತ್ತುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೋ: ಈಗ ಇವರು ನನ್ನ ಎದುರಿಗೆ ಕೂತು ಇದನ್ನೇ ಹೇಳಿದ್ದರೆ, ನಾನು ಮುಖ ನೋಡಿಕೊಂಡು ಹೀಗೆ ನಗುತ್ತಿದ್ದೆನೇ? ಹೌದು ಅನ್ನಿಸಿದರೆ ಒತ್ತು. ಇಲ್ಲ ಅನ್ನಿಸಿದರೆ, ಒಪ್ಪದಿರುವುದನ್ನು ಒಂದು ಸಾಲಿನಲ್ಲಿ ಬರೆ. ಬರೆಯುವಷ್ಟು ಮುಖ್ಯವಲ್ಲ ಅನ್ನಿಸಿದರೆ ಮುಂದೆ ಹೋಗು, ಎಲ್ಲದಕ್ಕೂ ನಿನ್ನ ಮುದ್ರೆ ಬೀಳಬೇಕಾಗಿಲ್ಲ. ತಪ್ಪು ತಿದ್ದಬೇಕಿದ್ದರೆ ಅವರೊಬ್ಬರಿಗೇ ಬರೆ. ಒತ್ತಿಬಿಟ್ಟಿದ್ದರೆ ಅದನ್ನೇ ಇನ್ನೊಮ್ಮೆ ಮುಟ್ಟಿ ತೆಗೆದುಬಿಡು.

ಬೇರೆಯವರು ನಗುತ್ತಿರುವುದು ಕಂಡರೆ ನಕ್ಕವರ ಜೊತೆ ಕಾಲು ಕೆರೆಯಲು ಹೋಗಬೇಡ. ಅದರಿಂದ ನಗೆಗೀಡಾದವರಿಗೆ ಇನ್ನಷ್ಟು ಸಂಕೋಚ. ಅವರು ಹೇಳಿದ ವಿಷಯಕ್ಕೆ ಉತ್ತರ ಕೊಡು, ಸಾಕು. ನಮ್ಮ ಗ್ರೂಪಿನಲ್ಲೂ ಕೊನೆಗೆ ಅದೇ ಆಯಿತು. ನನ್ನ ಪಾಠದಿಂದ ಯಾರ ಮನಸ್ಸು ಬದಲಾಯಿತೋ ಗೊತ್ತಿಲ್ಲ. ಸದಾ ಸುಮ್ಮನಿರುತ್ತಿದ್ದ ಒಬ್ಬಳು "ಎಷ್ಟು ಹೆಂಚು ಬೇಕಾಗಬಹುದು, ಅಳತೆ ತಗೊಂಡಿದ್ದೀಯಾ?" ಎಂದು ಅವನನ್ನೇ ಕೇಳಿದಳು. ಆಮೇಲಿನ ಮಾತೆಲ್ಲ ಹೆಂಚಿನದ್ದೇ. ನೀನು ಅಡ್ಮಿನ್ ಆಗಿರುವ ಗ್ರೂಪುಗಳಲ್ಲಿ ಈ ಕೆಲಸ ನಿನ್ನದು. ಟೆಲಿಗ್ರಾಂ ಗ್ರೂಪಿನಲ್ಲಾದರೆ ಯಾವ ಯಾವ ರಿಯಾಕ್ಷನ್ ಇರಬೇಕು ಎಂದು ಅಡ್ಮಿನ್ ಆರಿಸಬಹುದು, ಬೇಡದ್ದನ್ನು ತೆಗೆಯಬಹುದು. ಆದರೆ ಹೊಸದಾಗಿ ಬಂದವರ ಮೊದಲ ಪ್ರಶ್ನೆಗೆ ಅಡ್ಮಿನ್ನೇ ಗೌರವದಿಂದ ಉತ್ತರ ಕೊಡುವ ರೂಢಿ ಬಿದ್ದರೆ ಅದರ ಅಗತ್ಯ ಅಷ್ಟಾಗಿ ಬರುವುದಿಲ್ಲ.

ನಿನ್ನ ಮೇಲೆಯೇ ನಗು ಬಿದ್ದರೆ? ಬರೆದದ್ದು ಸರಿಯೆಂದು ನಿನಗೆ ಅನ್ನಿಸಿದರೆ ಅಳಿಸಬೇಡ. ನಕ್ಕವರಲ್ಲಿ ನಿನಗೆ ಬೇಕಾದವರು ಯಾರಾದರೂ ಇದ್ದರೆ ಅವರಿಗೆ ಫೋನ್ ಮಾಡಿ ಕೇಳು. ಮುಖವಾಡದ ಹಿಂದೆ ನಕ್ಕವರು ಫೋನಿನಲ್ಲಿ ತಡಬಡಾಯಿಸುತ್ತಾರೆ, "ಬೇಜಾರಾಯ್ತಾ, ಬಿಡೋ" ಎನ್ನುತ್ತಾರೆ. ಅಪರಿಚಿತರಾದರೆ ಲೆಕ್ಕಕ್ಕಿಡಬೇಡ, ಆ ಹೆಸರುಗಳನ್ನು ತೆರೆದು ನೋಡಲೇಬೇಡ.

ಆದರೆ ಕೇಳುವ ಮೊದಲು, ನಕ್ಕವರು ನಿಜವಾಗಿ ನಕ್ಕರೇ ಎಂದು ನೋಡು. ನನ್ನ ವಯಸ್ಸಿನವರಲ್ಲಿ ಬಹಳ ಜನಕ್ಕೆ ಆ ಮುಖ ಅಳುವ ಮುಖವಾಗಿಯೇ ಕಾಣುತ್ತದೆ. ಕಣ್ಣು ಮುಚ್ಚಿದೆ, ಎರಡೂ ಕಡೆ ದೊಡ್ಡ ದೊಡ್ಡ ಹನಿ. ಅದು ದುಃಖವಲ್ಲದೆ ಇನ್ನೇನು ಎಂದುಕೊಳ್ಳುತ್ತಾರೆ. ಯಾರೋ ತೀರಿಕೊಂಡ ಸುದ್ದಿಗೆ ನಿಜವಾಗಿ ಕಣ್ಣೀರಿಟ್ಟುಕೊಂಡೇ ಅದನ್ನು ಒತ್ತುತ್ತಾರೆ. ಅದನ್ನು ಯಾರೋ ಹುಡುಗರು ಸ್ಕ್ರೀನ್‌ಶಾಟ್ ತೆಗೆದು ಹಂಚಿ ನಗುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗದಿರಲಿ. ಮುಂದಿನ ಸಲ ಊರಿಗೆ ಬಂದಾಗ ನಿನ್ನ ಅಜ್ಜಿಯ ಪಕ್ಕ ಕೂತು ಅವರ ಫೋನಿನಲ್ಲಿ ಒಂದೊಂದೇ ಮುಖ ತೋರಿಸಿಕೊಡು: ಇದು ನಗು ಅಜ್ಜಿ, ಇದು ಅಳು, ಸಾವಿನ ಸುದ್ದಿಗೆ ಈ ಕೈಮುಗಿದದ್ದು ಸಾಕು ಎಂದು. ಹಾಗೆಯೇ ಅಕ್ಷರವನ್ನೂ ದೊಡ್ಡದು ಮಾಡಿಕೊಡು. ಅವರ ಕನ್ನಡಕದ ನಂಬರು ಮತ್ತೆ ಬದಲಾಗಿದೆ, ಇನ್ನೂ ಮಾಡಿಸಿಲ್ಲ.

ನಿನ್ನ,
ದೊಡ್ಡಮ್ಮ